ಹನ್ನೊಂದು ತಿಂಗಳ ಅನುದಿನದ ಆಹಾರಕ್ಕಾಗಿ

ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ನಿಮ್ಮೆಲ್ಲರಿಗೂ ವಂದನೆಗಳು.

ಮೊನ್ನೆ ಹೊಸ ಕೆಲಸದ ಮೊದಲ ಸಂಬಳ ಬಂತು. ಮೊಬೈಲಿಗೆ ಬಂದ ಮೆಸೇಜನ್ನು ಹೆಂಡತಿಗೆ ತೋರಿಸಿದೆ. ಅವಳು ಓದಿ, ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ, ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಮೊದಲು ಎಲ್ಲರಿಗೂ ನಾಲ್ಕು ಸಾಲು ಬರೀರಿ" ಅಂದಳು. ಸಭೆಯಲ್ಲಿ ಎದ್ದು ಸಾಕ್ಷಿ ಹೇಳಲು ನಿಂತರೆ ನನಗೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಮಗೆ ಸಹಾಯ ಮಾಡಿದವರ ಹೆಸರು ಹಾಕಬೇಡಿ ಎಂದು ನಿಮ್ಮಲ್ಲಿ ಹಲವರು ಮೊದಲೇ ಹೇಳಿದ್ದೀರಿ. ಹಾಕುವುದಿಲ್ಲ. ಓದುವಾಗ ಯಾರ ಮಾತೆಂದು ನಿಮಗೇ ಗೊತ್ತಾಗುತ್ತದೆ.

ಹನ್ನೊಂದು ತಿಂಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದಲ್ಲಿ ನಮ್ಮ ವಿಭಾಗವನ್ನೇ ಮುಚ್ಚಿದರು. ಕೂಡಿಟ್ಟದ್ದು ಎರಡು ತಿಂಗಳು ನಡೆಸಿತು. ಮೂರನೆಯ ತಿಂಗಳಿನಿಂದ ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ನೋಟ್‌ಬುಕ್ ತೆಗೆದು ಕೂರುತ್ತಿದ್ದೆ. ಎಡಗಡೆ ಕೊಡಬೇಕಾದದ್ದು, ಬಲಗಡೆ ಕೈಯಲ್ಲಿರುವುದು. ಬಲಗಡೆ ಬರೆಯಲು ಏನೂ ಇರುತ್ತಿರಲಿಲ್ಲ. ಆದರೂ ಪ್ರತಿ ರಾತ್ರಿ ಮತ್ತೆ ಕೂಡಿಸುತ್ತಿದ್ದೆ, ಕೂಡಿಸಿದರೆ ಮೊತ್ತ ಬದಲಾಗುತ್ತದೆ ಎನ್ನುವ ಹಾಗೆ.

ಯಾರಿಗೂ ಹೇಳಲಿಲ್ಲ. ಅದಕ್ಕೆ ನನ್ನ ಬಳಿ ಭಕ್ತಿಯ ಕಾರಣವೇ ಇತ್ತು. ಬ್ರಿಸ್ಟಲ್ ನಗರದಲ್ಲಿ 1836ರಲ್ಲಿ ಅನಾಥ ಮಕ್ಕಳಿಗೆ ಮನೆ ತೆರೆದ ಜಾರ್ಜ್ ಮುಲ್ಲರ್ ಅವರ ಜೀವನ ನನಗೆ ಚಿಕ್ಕಂದಿನಿಂದ ಗೊತ್ತು. ಅವರು ಮನುಷ್ಯರ ಹತ್ತಿರ ಹಣ ಕೇಳುವುದಿಲ್ಲ, ದೇವರನ್ನೇ ಕೇಳುತ್ತೇನೆ ಎಂದು ತೀರ್ಮಾನಿಸಿದ್ದರು. ನಾನೂ ಹಾಗೇ ಇರುತ್ತೇನೆ ಅಂದುಕೊಂಡೆ. ಇದನ್ನು ಗಮನಿಸಿದ್ದು ನನ್ನ ತಾಯಿಯ ವಯಸ್ಸಿನ ಒಬ್ಬ ಅಮ್ಮ. ಕೂಟ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಮುಲ್ಲರ್ ಹಣ ಕೇಳ್ತಿರ್ಲಿಲ್ಲ ಸರಿ ಕಣಪ್ಪ. ಆದ್ರೆ ಬಂದದ್ದನ್ನ ತಗೊಳ್ತಿದ್ರು, ಬಂದದ್ದಕ್ಕೆಲ್ಲ ಲೆಕ್ಕ ಬರೆದು ಪ್ರತಿ ವರ್ಷ ಅಚ್ಚು ಹಾಕಿಸ್ತಿದ್ರು. ನೀನು ಬಾಗಿಲೇ ಹಾಕ್ಕೊಂಡು ಕೂತಿದ್ದೀಯ. ಅದು ನಂಬಿಕೆ ಅಲ್ಲ" ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ನಂಬಿಕೆ ಎಂದು ಕರೆಯುತ್ತಿದ್ದುದರಲ್ಲಿ ಬಹುಪಾಲು ಮಾನದ ಭಯವೇ ಆಗಿತ್ತು. ಅಮ್ಮ, ಅಂದು ನೀವು ಗದರಿದ್ದಕ್ಕೆ ಈ ಬರಹದಲ್ಲಿ ಮೊದಲ ಕೃತಜ್ಞತೆ ನಿಮಗೆ.

ಅದಾದ ಮೇಲೆ ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೆಯ ಅಧ್ಯಾಯವನ್ನು ಬೇರೆ ಕಣ್ಣಿನಿಂದ ಓದಿದೆ. ದೇವರು ನಿಮ್ಮ ಪ್ರತಿಯೊಂದು ಕೊರತೆಯನ್ನು ನೀಗಿಸುವನು ಎಂಬ ವಾಗ್ದಾನ ಅಲ್ಲೇ ಇದೆ, 19ನೆಯ ವಚನ. ಎಷ್ಟೋ ಮನೆಗಳ ಗೋಡೆಯ ಮೇಲೆ ಅದನ್ನು ನೋಡಿದ್ದೇನೆ. ಆದರೆ ಆ ಮಾತು ಬರುವುದು ಒಂದು ಕೃತಜ್ಞತೆಯ ಬರಹದ ಮಧ್ಯೆ ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಪತ್ರ ಬರೆದ ಅಪೊಸ್ತಲ ಪೌಲ ಸೆರೆಯಲ್ಲಿದ್ದಾನೆ. ಫಿಲಿಪ್ಪಿಯ ಸಭೆಯವರು ಎಪಫ್ರೊದೀತನ ಕೈಯಲ್ಲಿ ಅವನಿಗೆ ಬೇಕಾದದ್ದನ್ನು ಕಳಿಸಿದ್ದಾರೆ. ಆ ಸೇವೆಯಲ್ಲಿ ಎಪಫ್ರೊದೀತ ರೋಗಬಿದ್ದು ಸಾಯುವ ಹಾಗಾಗಿದ್ದ. ಅವರು ಥೆಸಲೋನಿಕಕ್ಕೂ ಒಂದೆರಡು ಸಾರಿ ಕಳಿಸಿದ್ದನ್ನು ಪೌಲ ಮರೆತಿಲ್ಲ. ಇದ್ದ ಸ್ಥಿತಿಯಲ್ಲೇ ತೃಪ್ತನಾಗಿರುವುದನ್ನು ಕಲಿತುಕೊಂಡಿದ್ದೇನೆ ಎನ್ನುತ್ತಾನೆ. ಕಲಿತುಕೊಂಡದ್ದು, ಹುಟ್ಟಿನಿಂದ ಬಂದದ್ದಲ್ಲ. ಈ ಒಂದು ಪದ ನನಗೆ ಎಷ್ಟು ಧೈರ್ಯ ಕೊಟ್ಟಿತು! ಅದರ ಬೆನ್ನಿಗೇ, ಆದರೂ ನನ್ನ ಸಂಕಟದಲ್ಲಿ ನೀವು ಪಾಲುಗಾರರಾದದ್ದು ಒಳ್ಳೆಯದಾಯಿತು ಎಂದೂ ಹೇಳುತ್ತಾನೆ. ದೇವರನ್ನು ನಂಬಿದ್ದರಿಂದ ನೀವು ಬೇಕಾಗಲಿಲ್ಲ ಎಂದು ಅವನು ಬರೆಯಲಿಲ್ಲ.

ಮಾರನೆಯ ವಾರ ಪಾಸ್ಟರ್ ಹತ್ತಿರ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಮೇಲೆ ಆದದ್ದನ್ನೆಲ್ಲ ಬರೆಯಲು ಹೋಗುವುದಿಲ್ಲ. ಒಂದನ್ನು ಮಾತ್ರ ಹೇಳಬೇಕು. ನಿಮ್ಮಲ್ಲಿ ಇಬ್ಬರು ನಮ್ಮಲ್ಲಿಗೆ ಪ್ರಾರ್ಥನೆಗೆ ಬಂದಿದ್ದಿರಿ. ಕಿಟಕಿಯ ಹತ್ತಿರ ನನ್ನ ತಾಯಿಯ ಬಿ.ಪಿ. ಮಾತ್ರೆಯ ಖಾಲಿ ಸ್ಟ್ರಿಪ್ ಬಿದ್ದಿತ್ತು. ಹೊಸದು ತರಲಾಗದೆ, ಹೆಸರು ಮರೆಯಬಾರದೆಂದು ಎಸೆಯದೆ ಇಟ್ಟಿದ್ದೆವು. ನೀವು ಅದರ ಬಗ್ಗೆ ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಬಾಗಿಲಿನ ಚಿಲಕಕ್ಕೆ ಒಂದು ಚೀಲ ನೇತಾಡುತ್ತಿತ್ತು. ಒಳಗೆ ಅದೇ ಮಾತ್ರೆ, ಅಷ್ಟೇ ಮಿಲಿಗ್ರಾಮಿನದು, ತಿಂಗಳಿಗಾಗುವಷ್ಟು. ಕಣ್ಣು ಮುಚ್ಚಿ ಪ್ರಾರ್ಥಿಸುವ ಮೊದಲು ನೀವು ಕಣ್ಣು ತೆರೆದು ನೋಡಿದ್ದಿರಿ. ತಾಯಿ ಆ ಸ್ಟ್ರಿಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಸ್ತೋತ್ರ ಹೇಳಿದರು.

ನನ್ನ ಮಗಳಿಗೆ ಏಳು ವರ್ಷ. ರಾತ್ರಿ ಅವಳ ಜೊತೆ ಕರ್ತನ ಪ್ರಾರ್ಥನೆ ಹೇಳುತ್ತೇನೆ. ಒಂದು ದಿನ "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು" ಎನ್ನುವಲ್ಲಿ ನಿಲ್ಲಿಸಿ, "ಅಪ್ಪಾ, ನಾಳೇದೂ ಇವತ್ತೇ ಕೇಳಿಬಿಡೋಣ್ವಾ? ನಾಳೆ ಮತ್ತೆ ಕೇಳೋದು ಬೇಡ" ಅಂದಳು. ನನ್ನ ನೋಟ್‌ಬುಕ್ಕು ಕೇಳುತ್ತಿದ್ದುದೂ ಅದನ್ನೇ. ನಾನು ಸುಮ್ಮನಾದೆ. ಪಾಸ್ಟರಿಗೆ ಹೇಳಿದಾಗ ಅವರು ಒಂದು ಸಂಗತಿ ತಿಳಿಸಿದರು. ಅಲ್ಲಿ 'ಅನುದಿನದ' ಎಂದು ಕನ್ನಡಕ್ಕೆ ಬಂದಿರುವ ಗ್ರೀಕ್ ಪದ ಎಪಿಊಸಿಯೊಸ್. ಹೊಸ ಒಡಂಬಡಿಕೆಯಲ್ಲಿ ಅದು ಮತ್ತಾಯ, ಲೂಕ ಸುವಾರ್ತೆಗಳ ಈ ಪ್ರಾರ್ಥನೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಈ ಪದವನ್ನು ಸುವಾರ್ತೆ ಬರೆದವರೇ ಹುಟ್ಟಿಸಿದರೇನೋ ಎಂದು ಮೂರನೆಯ ಶತಮಾನದಲ್ಲೇ ಒರಿಗೆನ್ ಎಂಬ ಪಂಡಿತ ಹೇಳಿದ್ದ. ಜೀವಿಸಲು ಬೇಕಾದಷ್ಟು ಎಂದು ಕೆಲವರು ಅರ್ಥ ಮಾಡುತ್ತಾರೆ, ಬರುವ ದಿನದ್ದು ಎಂದು ಇನ್ನು ಕೆಲವರು. "ನಿಮ್ಮ ಮಗಳು ಕೇಳಿದ್ದೂ ತಪ್ಪಲ್ಲ" ಎಂದು ಪಾಸ್ಟರ್ ನಕ್ಕರು. ಆಮೇಲೆ, "ಆದರೆ ಅದರಲ್ಲಿ 'ನನ್ನ' ಅನ್ನುವ ಮಾತು ಎಲ್ಲಾದರೂ ಇದೆಯಾ ನೋಡಿ" ಅಂದರು.

ಇಲ್ಲ. ನಮ್ಮ, ನಮಗೆ. ಇಷ್ಟು ವರ್ಷ ಹೇಳಿಕೊಂಡು ಬಂದ ಪ್ರಾರ್ಥನೆ. ನನ್ನ ಪಕ್ಕದಲ್ಲಿ ನಿಂತು ನೀವು 'ನಮಗೆ' ಅಂದಾಗಲೆಲ್ಲ ಅದರೊಳಗೆ ನನ್ನ ಮನೆಯೂ ಸೇರಿತ್ತು. ಚೀಲವನ್ನು ಚಿಲಕಕ್ಕೆ ಸಿಕ್ಕಿಸಿ ಹೋದವರು ಆ 'ನಮಗೆ' ಎಂಬ ಮಾತಿಗೆ ನಿಜವಾಗಿ ನಡೆದುಕೊಂಡರು.

ಎಲ್ಲವೂ ಹೊತ್ತಿಗೆ ಸರಿಯಾಗಿ ಬಂತೆಂದು ಬರೆದರೆ ಸುಳ್ಳಾಗುತ್ತದೆ. ಕೆಲವು ವಸ್ತು ಮಾರಿದೆವು. ಮಗಳಿಗೆ ಕೊಟ್ಟ ಮಾತು ಒಂದೆರಡು ಸಾರಿ ತಪ್ಪಿದೆ. ನನ್ನ ಜೊತೆಗೇ ಕೆಲಸ ಕಳೆದುಕೊಂಡು, ನನ್ನ ಜೊತೆಗೇ ಪ್ರಾರ್ಥಿಸುತ್ತಿದ್ದ ಸಹೋದರನಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ನನಗೆ ಮೊದಲು ಯಾಕೆ ಸಿಕ್ಕಿತೋ ನನಗೆ ಗೊತ್ತಿಲ್ಲ, ಅವನಿಗಿಂತ ನನ್ನ ನಂಬಿಕೆ ದೊಡ್ಡದಂತೂ ಅಲ್ಲ. ಬರಗಾಲದಲ್ಲಿ ಪ್ರವಾದಿಯಾದ ಎಲೀಯನು ಕೆರೀತ್ ಹಳ್ಳಕ್ಕೆ ಹೋದದ್ದು ದೇವರ ಮಾತಿನಂತೆಯೇ. ಕಾಗೆಗಳು ಬೆಳಿಗ್ಗೆ ಸಂಜೆ ರೊಟ್ಟಿ ಮಾಂಸ ತಂದುಕೊಟ್ಟವು. ಆದರೂ ಆ ಹಳ್ಳ ಬತ್ತಿತು. ಬತ್ತಿದ ಮೇಲೆ ಅವನನ್ನು ದೇವರು ಕಳಿಸಿದ್ದು ಹಣವಂತರ ಮನೆಗಲ್ಲ, ಒಂದು ಹಿಡಿ ಹಿಟ್ಟು, ಸ್ವಲ್ಪ ಎಣ್ಣೆ ಮಾತ್ರ ಉಳಿದಿದ್ದ ವಿಧವೆಯ ಮನೆಗೆ. ನಮಗೆ ಕೊಟ್ಟವರಲ್ಲೂ ಕೆಲವರ ಸ್ಥಿತಿ ನನಗೆ ಗೊತ್ತು. ಅದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಸುಮ್ಮನೆ ಕೂತೂ ಇರಲಿಲ್ಲ. ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನ ಬೀಳುತ್ತಿತ್ತು ನಿಜ, ಆದರೆ ಬಿಸಿಲೇರಿದರೆ ಕರಗಿಹೋಗುತ್ತಿತ್ತು. ಬೆಳಿಗ್ಗೆ ಎದ್ದು ಹೋಗಿ ಆರಿಸಿಕೊಳ್ಳಬೇಕಿತ್ತು, ತಲೆಗೆ ಒಂದು ಓಮೆರ್ ಎಂಬ ಅಳತೆಯಷ್ಟು. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಎಷ್ಟು ಅರ್ಜಿ ಕಳಿಸಿದೆ, ಎಷ್ಟು ಇಂಟರ್‌ವ್ಯೂಗೆ ಹೋಗಿ ಬಂದೆ, ಲೆಕ್ಕ ಇಟ್ಟಿಲ್ಲ. ನನ್ನ ಅರ್ಜಿಯನ್ನು ಮೂರು ಸಾರಿ ತಿದ್ದಿ, ಪ್ರತಿ ಇಂಟರ್‌ವ್ಯೂ ಹಿಂದಿನ ರಾತ್ರಿ ಫೋನಿನಲ್ಲಿ ಪ್ರಶ್ನೆ ಕೇಳಿ ಅಭ್ಯಾಸ ಮಾಡಿಸಿದ ತಮ್ಮಾ, ನಿನ್ನ ನಿದ್ದೆಯ ಸಾಲ ನನ್ನ ಮೇಲಿದೆ.

ಈಗ ನನಗಿರುವ ಭಯ ಬೇರೆ. ಇಸ್ರಾಯೇಲ್ಯರು ಕಾನಾನ್ ದೇಶ ಸೇರಿ ಅಲ್ಲಿನ ಬೆಳೆಯನ್ನು ಉಂಡ ಮಾರನೆಯ ದಿನ ಮನ್ನ ನಿಂತುಹೋಯಿತು ಎಂದು ಯೆಹೋಶುವನ ಗ್ರಂಥದ 5ನೆಯ ಅಧ್ಯಾಯದಲ್ಲಿದೆ. ಉಂಡು ತೃಪ್ತರಾದ ಮೇಲೆ ದೇವರನ್ನು ಮರೆಯಬೇಡಿರಿ ಎಂದು ಮೋಶೆ ಧರ್ಮೋಪದೇಶಕಾಂಡದ 8ನೆಯ ಅಧ್ಯಾಯದಲ್ಲಿ ಮೊದಲೇ ಎಚ್ಚರಿಸಿದ್ದ. ತಿಂಗಳಿಗೊಮ್ಮೆ ಬರುವ ಸಂಬಳವನ್ನು ದಿನದಿನದ ಕೊಡುಗೆಯೆಂದು ಕಾಣುವುದು ಖಾಲಿ ಕೈಯಲ್ಲಿ ಇದ್ದಾಗಿನದಕ್ಕಿಂತ ಕಷ್ಟ ಅನ್ನಿಸುತ್ತಿದೆ. ನನಗಾಗಿ ಇದರ ಬಗ್ಗೆಯೂ ಪ್ರಾರ್ಥಿಸಿ.

ನೋಟ್‌ಬುಕ್ ಇನ್ನೂ ಇದೆ. ಬಲಗಡೆ ನೀವು ಕೊಟ್ಟದ್ದೆಲ್ಲ ತಾರೀಖು ಸಹಿತ ಬರೆದಿದ್ದೇನೆ. ಹೆಸರಿಲ್ಲದ ಲಕೋಟೆಗಳೂ ಅದರಲ್ಲಿವೆ. ಎಡಗಡೆ ಈ ವಾರದಿಂದ ಬೇರೆಯವರ ಅಗತ್ಯ ಬರೆಯಲು ಹೆಂಡತಿ ಗೆರೆ ಎಳೆದಿದ್ದಾಳೆ. ಮೊದಲನೆಯದು ಆ ಸಹೋದರನದು. ನಿಮ್ಮಲ್ಲಿ ಯಾರಾದರೂ ಈಗ ನಾನಿದ್ದ ಹಾಗೆ ಬಾಗಿಲು ಹಾಕಿಕೊಂಡು ಲೆಕ್ಕ ಕೂಡಿಸುತ್ತಿದ್ದರೆ ದಯವಿಟ್ಟು ಫೋನ್ ಮಾಡಿ. ರಾತ್ರಿಯಾದರೂ ಪರವಾಗಿಲ್ಲ.