ಬುಟ್ಟಿಯಲ್ಲಿ ಬೆಕ್ಕು ತಂದಿದ್ದ ಅಮ್ಮನಿಗೆ

ಮೈಸೂರಿನ ಪಶು ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂತಿದ್ದ ಅಮ್ಮಾ, ನಿಮ್ಮ ಹೆಸರು ಕೇಳುವಷ್ಟರಲ್ಲಿ ನಿಮ್ಮ ಬೆಕ್ಕಿನ ಸರದಿ ಬಂದುಬಿಟ್ಟಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ನಾಯಿ ರಾಜನಿಗೆ 13 ವರ್ಷ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಓಡಾಟ. ಸುಮ್ನೆ ಮೂಲೆಯಲ್ಲಿ ಗೋಡೆ ನೋಡುತ್ತಾ ನಿಲ್ಲುತ್ತಿದ್ದ. ‘ವಯಸ್ಸಾಯ್ತು ಬಿಡಿ’ ಅಂದವರೇ ಜಾಸ್ತಿ. ನೀವು ಮಾತ್ರ, ‘ರಾತ್ರಿ ಮಾಡೋದನ್ನ ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸಪ್ಪ, ಇಲ್ಲಿ ಬಂದಾಗ ಇವು ಸಾಧು ಥರ ಕೂತ್ಕೊಳ್ತಾವೆ’ ಅಂದಿರಿ. ಎಷ್ಟು ನಿಜ!

ವಿಡಿಯೊ ನೋಡಿದ ಡಾಕ್ಟರು ಕೀಲು, ಮೂತ್ರದ ಸೋಂಕು, ಕಿಡ್ನಿ ಎಲ್ಲ ಪರೀಕ್ಷಿಸಿದರು. ಹಿಂಗಾಲಿನಲ್ಲಿ ಸಂಧಿವಾತ ಇತ್ತು. ಜೊತೆಗೆ ಮರೆವು. ಮುದಿ ನಾಯಿಗಳ ಮಿದುಳೂ ಮಂಕಾಗುತ್ತದಂತೆ, ಆಗ ಹಗಲು ರಾತ್ರಿ ಅದಲುಬದಲಾಗುತ್ತದೆ. ನೋವಿಗೆ ನಾಯಿಗೆಂದೇ ಇರುವ ಮಾತ್ರೆ ಕೊಟ್ಟರು. (ಓದುವವರಿಗೊಂದು ಮಾತು: ನೋವಿಗೆ ನಾವು ನುಂಗುವ ಐಬುಪ್ರೊಫೆನ್ ನಾಯಿಗೆ ವಿಷ. ಮನೆಯ ಔಷಧಿ ಡಬ್ಬಿಗೆ ಕೈ ಹಾಕಬೇಡಿ.)

ನೀವು ಹೇಳಿದ್ದನ್ನೂ ಮಾಡಿದೆವು. ಜಾರುವ ಟೈಲ್ಸ್ ಮೇಲೆ ಚಾಪೆ, ನೀರಿನ ಬಟ್ಟಲ ಹತ್ತಿರ ಸಣ್ಣ ದೀಪ, ಸಂಜೆ ನಿಧಾನವಾಗಿ ಒಂದು ಸುತ್ತು, ಮಲಗುವ ಮುಂಚೆ ಮತ್ತೊಮ್ಮೆ ಹೊರಗೆ. ಸೋಫಾ, ಮಂಚದ ಜಾಗ ಬದಲಿಸಬೇಡಿ ಅಂದಿದ್ದಿರಿ. ಹಬ್ಬ ಬಂದರೆ ಎಲ್ಲವನ್ನೂ ಎಳೆದಾಡುವ ನಮ್ಮತ್ತೆಯನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು.

ಈಗಲೂ ಕೆಲವು ರಾತ್ರಿ ಏಳುತ್ತಾನೆ. ನೀರು ಕುಡಿದು ವಾಪಸ್ ಬಂದು ಮಲಗುತ್ತಾನೆ. ತುಂಬಾ ಥ್ಯಾಂಕ್ಸ್ ಅಮ್ಮಾ. ನಿಮ್ಮ ಬೆಕ್ಕು ಹುಷಾರಾಯಿತಾ?