ಮಂಜುವಿನ ಕೆಮ್ಮು, ಇಂಚರಳ ಕಲ್ಲುಗಳು

ಪ್ರೀತಿಯ ಅಪ್ಪ ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಅಮೆರಿಕದಲ್ಲಿ ಕ್ಷೇಮ. ಇವರಿಗೆ ಆಫೀಸಿನಲ್ಲಿ ಕೆಲಸ ಜಾಸ್ತಿ, ಅದು ಬಿಟ್ಟರೆ ಏನೂ ತೊಂದರೆ ಇಲ್ಲ. ಅಪ್ಪನ ಕಾಗದ ಕೈಸೇರಿತು. ಫೋನಿನಲ್ಲಿ ಮಾತಾಡೋಣ ಅಂದುಕೊಂಡೆ. ಆದರೆ ಫೋನಿನಲ್ಲಿ ಮಂಜುವಿನ ವಿಷಯ ಎತ್ತಿದರೆ ಅವನು "ಆಮೇಲೆ ಮಾಡ್ತೀನಿ ಅಕ್ಕ" ಅಂತ ಇಟ್ಟುಬಿಡುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ. ನೀವು ಓದಿ, ಆಮೇಲೆ ಅವನನ್ನೂ ಸುಧಾಳನ್ನೂ ಎದುರಿಗೆ ಕೂರಿಸಿಕೊಂಡು ಓದಿ ಹೇಳಿ.

ಅಪ್ಪಾ, ನಿಮ್ಮ ಕಾಗದದ ಮುಕ್ಕಾಲು ಪಾಲು ಇಂಚರಳ ಓದಿನ ಬಗ್ಗೆಯೇ ಇತ್ತು. ನಾಲ್ಕನೇ ಕ್ಲಾಸಿನ ಹುಡುಗಿ ಇಡೀ ದಿನ ಕಲ್ಲು ಆರಿಸಿಕೊಂಡು ಕೂತರೆ ಮಗ್ಗಿ ಕಲಿಯುವುದು ಯಾವಾಗ ಅಂತ ಕೇಳಿದ್ದೀರಿ. ಮಂಜುವಿನ ಕೆಮ್ಮು ಇನ್ನೂ ನಿಂತಿಲ್ಲ, ಸಿರಪ್ಪಿಗೆ ಬಗ್ಗುತ್ತಿಲ್ಲ ಅನ್ನುವುದು ಮಾತ್ರ ಕೊನೆಯಲ್ಲಿ ಎರಡೇ ಸಾಲು. ನನ್ನ ತಲೆಯಲ್ಲಿ ಕೂತಿರುವುದು ಆ ಎರಡು ಸಾಲು. ಆದರೂ ಮೊದಲು ಕಲ್ಲಿನ ವಿಷಯ ಹೇಳುತ್ತೇನೆ. ಅದು ಗೊತ್ತಾದರೆ ಕೆಮ್ಮಿನ ವಿಷಯಕ್ಕೆ ನಾನು ಯಾಕೆ ಇಷ್ಟು ಪಟ್ಟು ಹಿಡಿದಿದ್ದೇನೆ ಅಂತ ನಿಮಗೇ ತಿಳಿಯುತ್ತದೆ.

ಮಗ್ಗಿ ಬರುತ್ತದೆ, ಚಿಂತೆ ಬೇಡ. ಕಲ್ಲಿನ ಪಾಠ ಆಟ ಅಲ್ಲ. ನಮಗೆ ಶಾಲೆಯಲ್ಲಿ ಅಗ್ನಿಶಿಲೆ, ಪದರುಶಿಲೆ, ರೂಪಾಂತರ ಶಿಲೆ ಅಂತ ಬಾಯಿಪಾಠ ಮಾಡಿಸಿದ್ದರು. ಒಂದು ಕಲ್ಲನ್ನೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಇಲ್ಲಿ ಮೊದಲು ಕಲ್ಲು ಕೊಡುತ್ತಾರೆ, ಹೆಸರು ಆಮೇಲೆ ಹೇಳುತ್ತಾರೆ. ಹೆಸರು ಗೊತ್ತಿಲ್ಲದ ಕಲ್ಲನ್ನು ಮಕ್ಕಳೇ ಪರೀಕ್ಷೆ ಮಾಡಿ ಗುರುತಿಸಬೇಕು. ಉಗುರಿನಿಂದ ಕೆರೆದರೆ ಗೀರು ಬೀಳುತ್ತಾ? ಮೊಳೆಗೆ ಬಗ್ಗುತ್ತಾ? ಗಾಜನ್ನು ಗೀರುತ್ತಾ? 1812ರಲ್ಲಿ ಫ್ರೆಡ್ರಿಕ್ ಮೋಸ್ ಅನ್ನುವ ಜರ್ಮನ್ ವಿಜ್ಞಾನಿ ಹೀಗೆ ಒಂದನ್ನು ಇನ್ನೊಂದರಿಂದ ಗೀರಿ ನೋಡಿಯೇ ಗಟ್ಟಿತನದ ಅಳತೆ ಮಾಡಿದನಂತೆ. ಬಳಪದ ಕಲ್ಲಿನಲ್ಲಿರುವ ಟಾಲ್ಕ್ 1, ವಜ್ರ 10. ನಮ್ಮ ಉಗುರು ಸುಮಾರು ಎರಡೂವರೆ. ಗಾಜು ಐದೂವರೆ. ಬೆಣಚುಕಲ್ಲು 7. ಅದಕ್ಕೇ ಬೆಣಚುಕಲ್ಲು ಗಾಜನ್ನು ಗೀರುತ್ತದೆ, ಗಾಜು ಬೆಣಚುಕಲ್ಲನ್ನು ಗೀರಲಾರದು.

ಇನ್ನೊಂದು ಪರೀಕ್ಷೆ ನನಗೇ ಬಹಳ ಇಷ್ಟವಾಯಿತು. ಹೊಳಪಿಲ್ಲದ ಬಿಳಿ ಬಿಲ್ಲೆಯ ಮೇಲೆ ಕಲ್ಲನ್ನು ಉಜ್ಜಿ, ಬಿದ್ದ ಗೆರೆಯ ಬಣ್ಣ ನೋಡುವುದು. ಇಂಚರ ಒಂದು ಕಬ್ಬಿಣದ ಅದಿರಿನ ತುಂಡು ತಂದಿದ್ದಳು. ಕಪ್ಪಗೆ, ಉಕ್ಕಿನ ಹಾಗೆ ಮಿಂಚುತ್ತಿತ್ತು. "ಅಮ್ಮ, ಗೆರೆ ಯಾವ ಬಣ್ಣ ಬರತ್ತೆ ಹೇಳು" ಅಂದಳು. ಕಪ್ಪು ಅಂದೆ. ಉಜ್ಜಿದಳು. ಕೆಂಪು! ಒಣಗಿದ ರಕ್ತದ ಕಲೆಯ ಬಣ್ಣ. ಹೆಮಟೈಟ್ ಅಂತ ಅದರ ಹೆಸರು, ಬಳ್ಳಾರಿ ಗಣಿಯಿಂದ ಲಾರಿಗಟ್ಟಲೆ ಹೋಗುವ ಅದಿರು ಅದೇ. ಹೊರಗಿನ ಬಣ್ಣ ಏನೇ ಇರಲಿ, ಪುಡಿಯಾದಾಗ ಅದರ ನಿಜವಾದ ಬಣ್ಣ ಬರುತ್ತದೆ. ಹೊಳೆಯುವುದೆಲ್ಲ ಚಿನ್ನ ಅಲ್ಲ ಅನ್ನುವುದನ್ನು ಕೂಡ ಹೀಗೇ ಪತ್ತೆ ಮಾಡುತ್ತಾರೆ. ಚಿನ್ನ ಹಳದಿ ಗೆರೆ ಎಳೆಯುತ್ತದೆ, ಚಿನ್ನದ ಹಾಗೆ ಕಾಣುವ ಪೈರೈಟ್ ಕಪ್ಪು ಗೆರೆ ಎಳೆಯುತ್ತದೆ.

ಅಮ್ಮ, ನಿನಗೆ ಒಂದು ಸೋಜಿಗ ಹೇಳಬೇಕು. ಇಲ್ಲಿ ರಾಜ್ಯಕ್ಕೆ ಹಕ್ಕಿ, ಹೂವು ಇರುವ ಹಾಗೆ ಎಷ್ಟೋ ರಾಜ್ಯಗಳಿಗೆ ಕಲ್ಲು ಕೂಡ ಇದೆ! ನಮ್ಮ ವರ್ಮಾಂಟಿಗೆ ಒಂದಲ್ಲ, ಮೂರು. ಗ್ರಾನೈಟ್, ಅಮೃತಶಿಲೆ, ಸ್ಲೇಟು. ಕಾನೂನು ಮಾಡಿ ಘೋಷಿಸಿದ್ದಾರೆ. ಮೊದಲು ಕೇಳಿದಾಗ ನಗು ಬಂತು. ಈಗ ಬರುವುದಿಲ್ಲ. ಮೂರು ಕಲ್ಲಿನ ಹೆಸರಲ್ಲಿ ಮಕ್ಕಳು ಇಡೀ ರಾಜ್ಯದ ಕಥೆ ಕಲಿಯುತ್ತಾರೆ. ಕರಗಿದ ಕಲ್ಲು ಆರಿ ಗಟ್ಟಿಯಾದ ಅಗ್ನಿಶಿಲೆಗೆ ಗ್ರಾನೈಟ್ ಉದಾಹರಣೆ. ಸುಣ್ಣದಕಲ್ಲು ಭೂಮಿಯೊಳಗೆ ಕಾವಿಗೂ ಒತ್ತಡಕ್ಕೂ ಸಿಕ್ಕಿ ಅಮೃತಶಿಲೆ ಆಯಿತು, ಜೇಡಿಯ ಕಲ್ಲು ಸ್ಲೇಟಾಯಿತು. ಅವೆರಡೂ ರೂಪಾಂತರ ಶಿಲೆ.

ನಮ್ಮ ಊರಿನ ಹತ್ತಿರ ಬ್ಯಾರಿ ಅಂತ ಊರಿದೆ. ಬೂದು ಬಣ್ಣದ ಗ್ರಾನೈಟಿಗೆ ಹೆಸರುವಾಸಿ. ಸುಮಾರು 600 ಅಡಿ ಆಳದ ಕಲ್ಲುಗಣಿ. ಕ್ಲಾಸಿನವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು, ನಾನೂ ಜೊತೆಗೆ ಹೋಗಿದ್ದೆ. ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಲಾರಿಗಳು ಇರುವೆಯಷ್ಟು ಕಾಣುತ್ತವೆ. ಆ ಊರಿನ ಸ್ಮಶಾನ ನೋಡಲು ಜನ ದೂರದಿಂದ ಬರುತ್ತಾರೆ! ಕಲ್ಲುಕುಟಿಗರು ತಮ್ಮವರಿಗಾಗಿ ಕೆತ್ತಿದ ಸಮಾಧಿಗಳು. ಒಂದು ಕಾರಿನ ಆಕಾರ, ಒಂದು ಫುಟ್‌ಬಾಲ್, ಒಂದು ವಿಮಾನ. ಎಲ್ಲ ಅದೇ ಗ್ರಾನೈಟಿನಲ್ಲಿ.

ಈ ಗ್ರಾನೈಟ್ 35 ಕೋಟಿ ವರ್ಷಕ್ಕಿಂತ ಹಳೆಯದು ಅಂತ ಗೈಡ್ ಹೆಮ್ಮೆಯಿಂದ ಹೇಳಿದರು. ಇಂಚರ ಕೈ ಎತ್ತಿದಳು. "ನಮ್ಮ ಲಾಲ್‌ಬಾಗ್ ಬಂಡೆಗೆ 300 ಕೋಟಿ ವರ್ಷ" ಅಂದಳು. ಹೋದ ಸಲ ಬಂದಾಗ ಅಪ್ಪ ಅವಳಿಗೆ ಬಂಡೆಯ ಮೇಲಿನ ಬೋರ್ಡು ಓದಿಸಿದ್ದಿರಲ್ಲ, ಅದು. ಟೀಚರ್ ಫೋಟೊ ಕೇಳಿದರು, ನಾನು ಕೊಟ್ಟೆ. ಈಗ ಅದು ಕ್ಲಾಸಿನ ಗೋಡೆಯ ಮೇಲಿದೆ. ಅಪ್ಪಾ, ನೀವು ಓದಿಸಿದ್ದು ವ್ಯರ್ಥವಾಗಿಲ್ಲ.

ಈಗ ಮುಖ್ಯ ವಿಷಯ.

ಗ್ರಾನೈಟಿನ ತುಂಡನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದು ಒಂದೇ ವಸ್ತು ಅಲ್ಲ ಅಂತ ಗೊತ್ತಾಗುತ್ತದೆ. ಬೆಳ್ಳಗೋ ಗುಲಾಬಿಯಾಗೋ ಇರುವುದು ಫೆಲ್ಡ್‌ಸ್ಪಾರ್. ಪದರು ಪದರಾಗಿ ಮಿನುಗುವುದು ಕಾಗೆಬಂಗಾರ. ಉಗುರು ತಾಗಿಸಿದರೆ ಹಾಳೆಯ ಹಾಗೆ ಎದ್ದು ಬರುತ್ತದೆ. ಗಾಜಿನ ಚೂರಿನಂತೆ ಬೂದುಬೂದಾಗಿ ನಡುವೆ ಸೇರಿಕೊಂಡಿರುವುದು ಬೆಣಚುಕಲ್ಲು, ಅಂದರೆ ಕ್ವಾರ್ಟ್ಜ್. ಕಲ್ಲು ಬೇರೆ, ಖನಿಜ ಬೇರೆ ಅಂತ ಮಕ್ಕಳಿಗೆ ಹೇಳಿಕೊಡುವುದೇ ಹೀಗೆ. ಹಲವು ಖನಿಜ ಸೇರಿ ಒಂದು ಕಲ್ಲು.

ಅವರ ಟೀಚರ್ ಒಂದು ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕಲ್ಲು ಒಡೆಯುವಾಗ ಕನ್ನಡಕ ಹಾಕಲೇಬೇಕು, ಕಲ್ಲನ್ನು ಒದ್ದೆ ಮಾಡಲೇಬೇಕು. ಉಜ್ಜಿದ ಪುಡಿಯನ್ನು ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಚಿಟಿಕೆ ಪುಡಿಗೆ ಇಷ್ಟು ಎಚ್ಚರಿಕೆ!

ಮೊನ್ನೆ ವಿಡಿಯೋ ಕಾಲ್ ಮಾಡಿದಾಗ ಮಂಜು ಗ್ರಾನೈಟ್ ಕೂರಿಸುವ ಸೈಟಿನಲ್ಲಿದ್ದ. ಹಿಂದೆ ಯಾರೋ ಸ್ಲ್ಯಾಬ್ ಕಟ್ ಮಾಡುತ್ತಿದ್ದರು, ನೀರಿಲ್ಲ, ಒಣ ಕಟಿಂಗ್. ಅವನ ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬಿಳಿ. ಮೂಗಿಗೆ ಕರ್ಚೀಫು ಕಟ್ಟಿದ್ದ, ಅದನ್ನೂ ಮಾತಾಡಲು ಕೆಳಗೆ ಇಳಿಸಿದ. ಇಂಚರ ನೋಡಿ "ಮಂಜು ಮಾಮ ಯಾಕೆ ಕಲ್ಲಿಗೆ ನೀರು ಹಾಕಿಲ್ಲ?" ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಅದಾದ ಮೇಲೆ ನಿಮ್ಮ ಕಾಗದ ಬಂತು.

ಬ್ಯಾರಿಯ ಕಥೆ ಕೇಳಿ ಅಪ್ಪಾ. ನೂರು ವರ್ಷದ ಹಿಂದೆ ಇಟಲಿಯಿಂದ ಒಳ್ಳೊಳ್ಳೆ ಕಲ್ಲುಕುಟಿಗರು ಅಲ್ಲಿಗೆ ಬಂದಿದ್ದರು. ಕರ್ರಾರ ಅನ್ನುವ ಊರಿನಲ್ಲಿ ಅಮೃತಶಿಲೆ ಕೆತ್ತಿದ್ದ ಕೈಗಳು. ಅಮೃತಶಿಲೆಯಲ್ಲಿ ಇರುವುದು ಕ್ಯಾಲ್ಸೈಟ್, ಬೆಣಚು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಗ್ರಾನೈಟಿನಲ್ಲಿ ಬೆಣಚು ಧಾರಾಳ. ಚಳಿಗೆ ಬಾಗಿಲು ಮುಚ್ಚಿದ ಶೆಡ್ಡುಗಳಲ್ಲಿ ಗಾಳಿಯ ಒತ್ತಡದಿಂದ ಓಡುವ ಯಂತ್ರ ಹಿಡಿದು ಕೆತ್ತಿದರು. ದೂಳು ಕುಡಿದರು. ಕೆಮ್ಮು ಶುರುವಾಯಿತು, ಉಸಿರು ಕಟ್ಟಿತು, ಕ್ಷಯವೂ ಸೇರಿಕೊಂಡಿತು. ಎಷ್ಟೋ ಜನ ವಯಸ್ಸಾಗುವ ಮೊದಲೇ ಹೋದರು. ನಾನು ಹೇಳಿದ ಆ ಸುಂದರ ಸ್ಮಶಾನದಲ್ಲಿ ಅವರೂ ಇದ್ದಾರೆ. 1930ರ ದಶಕದ ಕೊನೆಯಲ್ಲಿ ದೂಳು ಹೀರುವ ಯಂತ್ರಗಳನ್ನು ಶೆಡ್ಡಿಗೆ ಹಾಕಿಸಿದರು. ಆಮೇಲೆ ಕೆಲಸಕ್ಕೆ ಸೇರಿದವರಲ್ಲಿ ಆ ಕಾಯಿಲೆ ಬಹುಮಟ್ಟಿಗೆ ನಿಂತೇ ಹೋಯಿತು. ಕೆಲಸ ಬಿಡಬೇಕಾಗಲಿಲ್ಲ. ದೂಳು ನಿಲ್ಲಿಸಿದರು, ಅಷ್ಟೇ.

ಆ ಕಾಯಿಲೆಯ ಹೆಸರು ಸಿಲಿಕೋಸಿಸ್. ಬೆಣಚು ಅಂದರೆ ಸಿಲಿಕಾ, ಅದರ ದೂಳಿನಿಂದ ಬರುವುದು. ಕಣ್ಣಿಗೆ ಕಾಣುವ ದೂಳು ಮೂಗಿನಲ್ಲೇ ನಿಲ್ಲುತ್ತದೆ. ಅಪಾಯ ಇರುವುದು ಕಾಣದ ದೂಳಿನಲ್ಲಿ, ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿಗಿಂತ ಸಣ್ಣದು. ಅದು ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ. ದೇಹಕ್ಕೆ ಅದನ್ನು ಕರಗಿಸಲು ಆಗುವುದಿಲ್ಲ. ಸುತ್ತಲೂ ಗಾಯದ ಕಲೆ ಕಟ್ಟುತ್ತಾ ಹೋಗುತ್ತದೆ. ಆದ ಕಲೆ ವಾಪಸ್ ಹೋಗುವುದಿಲ್ಲ, ಅದಕ್ಕೆ ಔಷಧಿ ಇಲ್ಲ. ಕರ್ಚೀಫು ಈ ದೂಳನ್ನು ತಡೆಯುವುದಿಲ್ಲ.

ಅಮ್ಮ, ಗಾಬರಿ ಆಗಬೇಡ. ಅಳಬೇಡ. ಮಂಜುಗೆ ಅದೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಸಾಮಾನ್ಯವಾಗಿ ಇದಕ್ಕೆ ಹತ್ತು ವರ್ಷಕ್ಕಿಂತ ಜಾಸ್ತಿ ಬೇಕು. ದೂಳು ವಿಪರೀತ ಇದ್ದರೆ ಮಾತ್ರ ಬೇಗ ಬರುತ್ತದೆ. ಅವನಿಗೆ ಇನ್ನೂ ಚಿಕ್ಕ ವಯಸ್ಸು, ಮೈ ಗಟ್ಟಿ. ಬರೀ ಅಲರ್ಜಿಯೇ ಇರಬಹುದು. ಖಂಡಿತ ಅಷ್ಟೇ ಇರುತ್ತದೆ. ಆದರೆ ಎದೆಯ ಎಕ್ಸ್‌ರೇ ತೆಗೆಸದೆ ಅದನ್ನು ಯಾರೂ ಹೇಳಲಾರರು. ಇಷ್ಟು ದಿನ ಸುಮ್ನೆ ಸಿರಪ್ ಕುಡಿಸಿದ್ದು ಸಾಕು.

ಮಂಜು, ಇದು ನಿನಗೆ. ಶ್ವಾಸಕೋಶದ ಡಾಕ್ಟರ ಹತ್ತಿರ ಹೋಗು. ಹೋದ ಕೂಡಲೇ "ನಾನು ಗ್ರಾನೈಟ್ ಕಟಿಂಗ್ ಕೆಲಸ ಮಾಡ್ತೀನಿ" ಅಂತ ಮೊದಲು ಹೇಳು. ಅದು ಹೇಳದಿದ್ದರೆ ಎಕ್ಸ್‌ರೇಯಲ್ಲಿ ಏನಾದರೂ ಕಂಡರೂ ಬರೀ ಟಿಬಿ ಅಂದುಕೊಳ್ಳುವ ಸಾಧ್ಯತೆ ಇದೆ. ಕಫದ ಪರೀಕ್ಷೆಯನ್ನೂ ಮಾಡಿಸು. ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಪರೀಕ್ಷೆಗೆ ದುಡ್ಡು ಕೊಡಬೇಕಿಲ್ಲ. ಊದಿಸಿ ಉಸಿರಿನ ಶಕ್ತಿ ನೋಡುವ ಪರೀಕ್ಷೆ ಬೇಕು ಅಂದರೆ ಬೇಡ ಅನ್ನಬೇಡ. ದುಡ್ಡಿನ ಯೋಚನೆ ಬಿಡು, ನಾನು ಕಳಿಸುತ್ತಿದ್ದೇನೆ. ಕಟ್ಟಡ ಕಾರ್ಮಿಕರ ಕಾರ್ಡು ಮಾಡಿಸಿದ್ದೀಯಾ? ನಿನ್ನ ಜೊತೆ ಕೆಲಸ ಮಾಡುವ ಹುಡುಗರಿಗೂ ಮಾಡಿಸು. ಕಲ್ಯಾಣ ಮಂಡಳಿಯಿಂದ ಚಿಕಿತ್ಸೆಗೆ ಸಹಾಯ ಸಿಗುತ್ತದೆ.

ಇವತ್ತಿನಿಂದಲೇ ಕಟಿಂಗಿಗೆ ನೀರು ಹಾಕಿಸು. ಬ್ಲೇಡಿಗೆ ನೀರು ಬೀಳುತ್ತಾ ಇದ್ದರೆ ದೂಳು ಮೇಲೇಳುವುದು ಬಹಳ ಕಡಿಮೆಯಾಗುತ್ತದೆ. ಕೆಸರಾಗುತ್ತದೆ, ಮನೆಯವರು ಗೊಣಗುತ್ತಾರೆ, ಗೊತ್ತು. ಗೊಣಗಲಿ. ಹೊರಗೆ ಅಂಗಳದಲ್ಲಿ ಕಟ್ ಮಾಡಿ ಒಳಗೆ ತಂದು ಕೂರಿಸಿ. ಬಾಯಿಮೂಗಿಗೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಎಲ್ಲರಿಗೂ ಕೊಡಿಸು. ಒಣ ಪುಡಿಯನ್ನು ಗುಡಿಸಬೇಡಿ, ನೀರು ಚಿಮುಕಿಸಿ ಬಳಿಯಿರಿ. ದೂಳಿನ ಬಟ್ಟೆಯಲ್ಲಿ ಮನೆಗೆ ಹೋಗಿ ಮಗು ಎತ್ತಿಕೊಳ್ಳಬೇಡ, ಸುಧಾ ಆ ಬಟ್ಟೆಯನ್ನು ಒದ್ದೆ ಮಾಡದೆ ಕೊಡವದಿರಲಿ.

ಇನ್ನೊಂದು ಮಾತು. ಈಗೀಗ ಅಡುಗೆಮನೆ ಕಟ್ಟೆಗೆ ಹಾಕುವ ರೆಡಿಮೇಡ್ ಕ್ವಾರ್ಟ್ಜ್ ಸ್ಲ್ಯಾಬ್ ಗ್ರಾನೈಟಿಗಿಂತ ಅಪಾಯ. ಬೆಣಚಿನ ಪುಡಿಗೆ ಅಂಟು ಸೇರಿಸಿ ಮಾಡಿದ್ದು ಅದು. ಎಷ್ಟೋ ಸ್ಲ್ಯಾಬುಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಸಿಲಿಕಾ. ಇದೇ ಕಾರಣಕ್ಕೆ ಆಸ್ಟ್ರೇಲಿಯಾದಲ್ಲಿ 2024ರ ಜುಲೈ 1ರಿಂದ ಅದನ್ನು ತಯಾರಿಸುವುದು, ಮಾರುವುದು, ಕೂರಿಸುವುದು ಎಲ್ಲವನ್ನೂ ನಿಷೇಧಿಸಿದ್ದಾರೆ. ಆ ಆರ್ಡರ್ ಬಂದರೆ ದಯವಿಟ್ಟು ಬೇಡ ಅನ್ನು. ದುಡ್ಡು ಜಾಸ್ತಿ ಬಂದರೂ ಬೇಡ.

ಅಪ್ಪಾ, ನೀವು ಅವನ ಜೊತೆಗೇ ಆಸ್ಪತ್ರೆಗೆ ಹೋಗಿ. ಒಬ್ಬನನ್ನೇ ಕಳಿಸಿದರೆ ದಾರಿಯಲ್ಲಿ ಸೈಟು ನೆನಪಾಗುತ್ತದೆ ಅವನಿಗೆ. ಎಕ್ಸ್‌ರೇ ಫೋಟೊ ನನಗೆ ವಾಟ್ಸಾಪ್ ಮಾಡಿಸಿ. ನಮಗೆ ಇಲ್ಲಿ ಏನೂ ಕಷ್ಟ ಇಲ್ಲ. ಚಳಿ ಕೂಡ ಈ ಸಲ ಕಡಿಮೆ. ಇಂಚರ ಚೆನ್ನಾಗಿ ಊಟ ಮಾಡುತ್ತಾಳೆ, ಚೆನ್ನಾಗಿ ಓದುತ್ತಾಳೆ, ಕನ್ನಡ ಮರೆತಿಲ್ಲ. ನಾನೂ ಚೆನ್ನಾಗಿದ್ದೇನೆ, ನಿದ್ದೆಯೂ ಬರುತ್ತಿದೆ. ನೀವಿಬ್ಬರೂ ನಿಮ್ಮ ಮಾತ್ರೆ ತಪ್ಪಿಸಬೇಡಿ. ಏನೂ ಆಗಿರುವುದಿಲ್ಲ, ನೋಡಿ ಬೇಕಾದರೆ.

ಇವಳ ಸ್ಕೂಲ್ ಬಸ್ ಬರುವ ಹೊತ್ತಾಯಿತು. ಸುಧಾಗೂ ಮಗುವಿಗೂ ಆಶೀರ್ವಾದ. ನಾಳೆಯೇ ಹೋಗಿ, ಸೋಮವಾರ ಅನ್ನಬೇಡಿ.

ನಿಮ್ಮ,
ಗೀತಾ