ಕಾರಣ ಬರೆದುಕೊಡಿ: ಮೈಸೂರು–ಕೊಡಗು ಸಂಸದರಿಗೆ ಮಾಜಿ ಹವಾಲ್ದಾರನ ಬಹಿರಂಗ ಪತ್ರ

ಮಾನ್ಯ ಸಂಸದರೇ,

ಪೊನ್ನಂಪೇಟೆ ತಾಲ್ಲೂಕಿನವನಾದ ನಾನು ಸೇನೆಯ ಫಿರಂಗಿ ದಳದಲ್ಲಿ 24 ವರ್ಷ ದುಡಿದು, ಎದೆಯೊಳಗೆ ಎರಡು ಸ್ಟೆಂಟ್ ಇರಿಸಿಕೊಂಡು 2018ರಲ್ಲಿ ಊರಿಗೆ ಮರಳಿದೆ. ನಿವೃತ್ತಿಯ ವೇಳೆ ವೈದ್ಯಕೀಯ ಮಂಡಳಿಯು ನನ್ನ ಹೃದ್ರೋಗಕ್ಕೆ ಜೀವಮಾನವಿಡೀ ಶೇ. 30ರ ಅಂಗವೈಕಲ್ಯವೆಂದು ಎಎಫ್‌ಎಂಎಸ್‌ಎಫ್-16 ಎಂಬ ಸೇನಾ ವೈದ್ಯಕೀಯ ನಮೂನೆಯಲ್ಲಿ ಬರೆಯಿತು. ಬರೆದ ಕೈಯಲ್ಲೇ ‘ನಾನಾ’ ಎಂಬ ಷರಾವನ್ನೂ ಹಾಕಿತು. ಕನ್ನಡದಲ್ಲಿ ನಾನಾ ಎಂದರೆ ಹಲವು. ಪಿಂಚಣಿ ಕಡತದ ಭಾಷೆಯಲ್ಲಿ ಅದು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂಬುದರ ಸಂಕ್ಷೇಪ. ಆ ನಾಲ್ಕು ಅಕ್ಷರಗಳ ಇಂಗ್ಲಿಷ್ ಠಸ್ಸೆಯೇ ನನ್ನ ಅಂಗವೈಕಲ್ಯ ಪಿಂಚಣಿಯನ್ನು ಇಷ್ಟು ವರ್ಷ ತಡೆದು ನಿಲ್ಲಿಸಿದೆ.

ಷರಾದ ಕೆಳಗಿದ್ದ ವಿವರಣೆ ಒಂದೇ ಸಾಲು: ರೋಗ ಕಾಣಿಸಿಕೊಂಡದ್ದು ಶಾಂತಿ ನೆಲೆಯಲ್ಲಿ, ಅಂದರೆ ಕಾರ್ಯಾಚರಣೆಯಿಲ್ಲದ ಠಾಣ್ಯದಲ್ಲಿ. ಎದೆನೋವು ಬಂದದ್ದು ಶಾಂತಿ ನೆಲೆಯಲ್ಲಿ ಎಂಬುದು ನಿಜ. ಅದಕ್ಕೆ ಮುಂಚೆ ಸಿಯಾಚಿನ್ ವಲಯದಲ್ಲೂ ಕಾಶ್ಮೀರದಲ್ಲೂ ಕಳೆದ ವರ್ಷಗಳು ಯಾರ ಲೆಕ್ಕಕ್ಕೆ ಸೇರಿದವು? ಹೃದ್ರೋಗದ ಪ್ರಕರಣಗಳಲ್ಲಿ ಹಿಂದಿನ 14 ದಿನಗಳ ಕರ್ತವ್ಯದ ವಿವರವನ್ನು ಪರಿಶೀಲಿಸಬೇಕೆಂದು ಆಗಿನ ಸೇನಾ ವೈದ್ಯಾಧಿಕಾರಿಗಳ ಕೈಪಿಡಿಯೇ ಹೇಳುತ್ತಿತ್ತು. ಆ 14 ದಿನಗಳಲ್ಲಿ ಒಂಬತ್ತು ರಾತ್ರಿ ನಾನು ಗಾರ್ಡ್ ಡ್ಯೂಟಿಯಲ್ಲಿದ್ದೆ. ಆ ಹಾಳೆಯನ್ನು ಕಡತಕ್ಕೆ ಲಗತ್ತಿಸಿದವರೇ ಇಲ್ಲ.

ಈ ಪತ್ರ ಬರೆಯಲು ಕಾರಣವಾದದ್ದು ಕಳೆದ ಮಳೆಗಾಲದ ಒಂದು ದಿನ. ಬೆಳಗಿನ ಮೊದಲ ಬಸ್ಸು ಹಿಡಿದು, ಎಕೋ ವರದಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರೇನ್‌ಕೋಟಿನೊಳಗೆ ಇಟ್ಟುಕೊಂಡು, ಗೋಣಿಕೊಪ್ಪದಲ್ಲಿ ಬಸ್ಸು ಬದಲಿಸಿ ನಾನೊಂದು ಕಚೇರಿಗೆ ಹೋದೆ. ಪಿಂಚಣಿ ನಿರಾಕರಣೆಯ ವಿರುದ್ಧ ಸಲ್ಲಿಸಿದ್ದ ಎರಡನೆಯ ಮೇಲ್ಮನವಿ ಏನಾಯಿತೆಂದು ಕೇಳಿದ್ದಕ್ಕೆ ಅಲ್ಲಿನ ನೌಕರರು ಕಡತವನ್ನು ತಿರುವಿ ನೋಡಿ, "ಕೊಡಗಿನವರಲ್ವಾ, ಪಂದಿಕರಿ ತಿಂದು ತಿಂದು ಬಂದಿರುತ್ತೆ ಬಿಡಿ" ಎಂದರು. ಪಕ್ಕದ ಮೇಜಿನವರೂ ನಕ್ಕರು. ನಾನು ಏನೂ ಹೇಳಲಿಲ್ಲ, ಎದೆನೋವಿಗೆ ನಾಲಿಗೆಯಡಿ ಇಟ್ಟುಕೊಳ್ಳುವ ಮಾತ್ರೆಯನ್ನು ಜೇಬಿನಲ್ಲಿ ತಡಕುತ್ತಿದ್ದೆ. 1994ರಲ್ಲಿ ಭರ್ತಿಯ ದಿನ ಸ್ಟೆತಾಸ್ಕೋಪು ಇಟ್ಟು ನನ್ನನ್ನು ಪೂರ್ಣ ಆರೋಗ್ಯವಂತನೆಂದು ಬರೆದ ವೈದ್ಯರು ಪಂದಿಕರಿಯ ಬಗ್ಗೆ ಕೇಳಿರಲಿಲ್ಲ ಎಂಬುದು ಮನೆಗೆ ಮರಳುವ ಬಸ್ಸಿನಲ್ಲಿ ನೆನಪಾಯಿತು.

ಭರ್ತಿಯ ವೇಳೆ ದಾಖಲಾಗದ ರೋಗ ಸೇವೆಯಲ್ಲಿ ಬಂದರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದರೆ ಮಂಡಳಿಯೇ ಕಾರಣ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2013ರ ಧರ್ಮವೀರ ಸಿಂಗ್ ಪ್ರಕರಣದಲ್ಲಿ ಹೇಳಿರುವುದು ತಮಗೆ ಗೊತ್ತಿರುವ ವಿಷಯ. ಅವಧಿ ಮುಗಿಸಿ ನಿವೃತ್ತರಾದವರಿಗೂ ನನ್ನಂಥ ಶೇ. 30ರ ಅಂಗವೈಕಲ್ಯವನ್ನು ಶೇ. 50ಕ್ಕೆ ಏರಿಸಿ ಪಿಂಚಣಿ ಲೆಕ್ಕ ಹಾಕಬೇಕೆಂದು 2014ರಲ್ಲಿ ಅದೇ ನ್ಯಾಯಾಲಯ ಹೇಳಿರುವುದೂ ಗೊತ್ತಿದ್ದೀತು. ಆದ್ದರಿಂದ ನಾನು ಕೇಳುತ್ತಿರುವುದು ದಯೆಯನ್ನಲ್ಲ, ಕಾರಣವನ್ನು. ಕಾರಣವನ್ನು ಬರೆದು, ಸಹಿ ಹಾಕಿ ಕೊಡಲಿ.

ನನ್ನ ಮೊದಲ ಮೇಲ್ಮನವಿ 2019ರದು. ಎರಡು ವರ್ಷಗಳ ಬಳಿಕ ಅದೇ ಸಾಲನ್ನು ನಕಲು ಮಾಡಿದ ಉತ್ತರ ಬಂತು. 2021ರಲ್ಲಿ ಸಲ್ಲಿಸಿದ ಎರಡನೆಯದಕ್ಕೆ ಉತ್ತರವೇ ಇಲ್ಲ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಿ ಎನ್ನುತ್ತಾರೆ. ಕರ್ನಾಟಕಕ್ಕೆ ಸಂಬಂಧಿಸಿದ ಪೀಠ ಕೊಚ್ಚಿಯಲ್ಲಿದೆ. ಮಳೆಗೆ ಕುಸಿಯುವ ಮಾಕುಟ್ಟದ ಘಾಟಿ ಇಳಿದು, ವಕೀಲರಿಗೆ ಶುಲ್ಕ ಕೊಟ್ಟು, ಎರಡು ಸ್ಟೆಂಟಿನ ಮನುಷ್ಯ ಎಷ್ಟು ಸಲ ಅಲ್ಲಿಗೆ ಹೋಗಿ ಬರಬಲ್ಲ?

ಪ್ರತಿ ಜನವರಿ 15ರ ಸೇನಾ ದಿನದಂದು ಕಾರ್ಯಪ್ಪನವರ ನಾಡು, ತಿಮ್ಮಯ್ಯನವರ ನಾಡು ಎಂದು ವೇದಿಕೆಗಳಿಂದ ಕೇಳುತ್ತ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಮುಂದಿನ ಸಲ ಹಾಗೆ ಹೇಳುವವರು ಒಬ್ಬ ಹವಾಲ್ದಾರನ ಕಡತವನ್ನೂ ಕೈಯಲ್ಲಿ ಹಿಡಿದುಕೊಂಡು ಹೇಳಿದರೆ ಚಪ್ಪಾಳೆ ಇನ್ನೂ ಜೋರಾಗಿ ಬಿದ್ದೀತು.

ತಾವು ರಕ್ಷಣಾ ಸಚಿವಾಲಯಕ್ಕೆ ಪತ್ರ ಬರೆದು, ನನ್ನ ಎರಡನೆಯ ಮೇಲ್ಮನವಿಗೆ ಕಾರಣಸಹಿತ ಲಿಖಿತ ಆದೇಶ ಕೊಡಿಸಬೇಕು. ಕೊಡಗಿನಲ್ಲಿ ಇದೇ ಷರಾ ಹೊತ್ತ ಕಡತಗಳು ಎಷ್ಟಿವೆ ಎಂದೂ ಕೇಳಬೇಕು. ತಿರಸ್ಕರಿಸುವುದಾದರೆ ತಿರಸ್ಕರಿಸಲಿ; ಏಕೆ ಎಂಬುದನ್ನು ಮಾತ್ರ, ನಾನು ಓದುವ ಸ್ಥಿತಿಯಲ್ಲಿರುವಾಗಲೇ, ಬರೆದುಕೊಡಲಿ.

ಇತಿ,
ಒಬ್ಬ ಮಾಜಿ ಹವಾಲ್ದಾರ,
ಪೊನ್ನಂಪೇಟೆ ತಾಲ್ಲೂಕು, ಕೊಡಗು